ಮೈಕಿನವನ ಧರ್ಮ

ಲೋಕದಲ್ಲಿ ಕೆಲಸಗಳು ಎರಡು ಬಗೆ. ಚೆನ್ನಾಗಿ ಮಾಡಿದರೆ ಕಾಣುವಂಥವು ಒಂದು. ಕೆಟ್ಟರೆ ಮಾತ್ರ ಕಾಣುವಂಥವು ಇನ್ನೊಂದು. ಅಡುಗೆಯಲ್ಲಿ ಉಪ್ಪು, ಕಛೇರಿಯಲ್ಲಿ ಟಪಾಲಿನ ಗುಮಾಸ್ತ, ಸಭೆಯಲ್ಲಿ ಮೈಕಿನವನು, ಇವು ಎರಡನೆಯ ಪಂಗಡ. ಕಾಗದ ಸಕಾಲಕ್ಕೆ ಮುಟ್ಟಿದರೆ ಕಳಿಸಿದವರು ಯಾರೆಂದು ಯಾರೂ ಕೇಳುವುದಿಲ್ಲ. ಹಾಗಾದರೆ ಇಂಥ ಕೆಲಸವನ್ನು ಮನಸ್ಸಿಟ್ಟು ಮಾಡಬೇಕಾದದ್ದು ಯಾರಿಗಾಗಿ? ಮೈಕಿನವನನ್ನೇ ಮುಂದಿಟ್ಟುಕೊಂಡು ವಿಚಾರಿಸೋಣ.

ನಮ್ಮ ಚೆಂಬೂರಿನಲ್ಲಿ ಅವನಿಗೆ ಬಿಡುವಿಲ್ಲ. ಇಗರ್ಜಿಯಲ್ಲಿ ಭಾನುವಾರದ ಪೂಜೆ, ಮಠ ಮಂದಿರಗಳಲ್ಲಿ ಭಜನೆ, ಸಂಘಗಳಲ್ಲಿ ಯಕ್ಷಗಾನ. ಇವರಲ್ಲಿ ಇಗರ್ಜಿಯವನ ಪಾಡು ಹೆಚ್ಚು ಕಠಿಣ. ಹಿಂದೆ ಕಥೋಲಿಕರ ಪೂಜೆ ಲ್ಯಾಟಿನ್ನಿನಲ್ಲಿತ್ತು. ಕೇಳಿಸದಿದ್ದರೂ ದೊಡ್ಡ ನಷ್ಟವಿರಲಿಲ್ಲ. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಅಂದಿನಿಂದ ಪ್ರತಿಯೊಂದು ಮಾತೂ ಕೊನೆಯ ಬೆಂಚಿಗೆ ಮುಟ್ಟಬೇಕು.

ಮುಟ್ಟಿಸುವುದು ಹೇಗೆ? ಬಾಯಿಗೂ ಮೈಕಿಗೂ ಇರುವ ದೂರ ಇಮ್ಮಡಿಯಾದರೆ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆಂಬುದು ಭೌತಶಾಸ್ತ್ರದ ನಿಯಮ. ಗ್ರಂಥಪಾಠಕ್ಕೆ ನಿಂತ ಹುಡುಗಿ ನಾಚಿ ಒಂದು ಗೇಣು ಹಿಂದೆ ಸರಿಯುತ್ತಾಳೆ. ಇವನು ಗುಂಡಿ ತಿರುಗಿಸಿ ದನಿ ಏರಿಸುತ್ತಾನೆ. ಅಷ್ಟರಲ್ಲಿ ಮುಂದಿನ ಹಿರಿಯರು ಬಂದು, ಮೈಕನ್ನು ನುಂಗುವವರಂತೆ ಬಾಗಿ, ಮೊದಲು ಕೆಮ್ಮುತ್ತಾರೆ! ಸ್ಪೀಕರಿನ ದನಿ ಮರಳಿ ಮೈಕನ್ನು ಹೊಕ್ಕು, ಹಿಗ್ಗಿ, ಸುತ್ತಿ ಸುತ್ತಿ ಕುಂಯ್ಯೆಂದು ಕಿರುಚುತ್ತದೆ. ಡೆನ್ಮಾರ್ಕಿನ ವಿಜ್ಞಾನಿ ಸೋರೆನ್ ಲಾರ್ಸೆನ್ ಹೆಸರಿನಲ್ಲಿ ಗುರುತಿಸಲ್ಪಡುವ ಪರಿಣಾಮವಿದು. ಸಭಿಕರಿಗೆ ಲಾರ್ಸೆನ್ ಯಾರೋ ತಿಳಿಯದು. ಎಲ್ಲ ತಲೆಗಳೂ ಒಮ್ಮೆಗೇ ಮೈಕಿನವನತ್ತ ತಿರುಗುತ್ತವೆ. ಅವನಿಗೆ ಸಲ್ಲುವ ಸಾರ್ವಜನಿಕ ಮನ್ನಣೆ ಇಷ್ಟೇ.

ಖಾಲಿ ಇಗರ್ಜಿಯಲ್ಲಿ ಶನಿವಾರ ಹೊಂದಿಸಿಟ್ಟದ್ದು ಭಾನುವಾರ ಹೊಂದುವುದಿಲ್ಲ. ಜನರ ಮೈಯೂ ಬಟ್ಟೆಯೂ ದನಿಯನ್ನು ಹೀರುತ್ತವೆ. ಹಾರ್ವರ್ಡಿನ ವಾಲೆಸ್ ಸಬೀನ್ 1895ರಲ್ಲಿ ಇದರ ಅಧ್ಯಯನಕ್ಕೆ ತೊಡಗಿದಾಗ ಕುರ್ಚಿಯ ಮೆತ್ತೆಗಳನ್ನು ರಾತ್ರಿಯೆಲ್ಲ ಹೊತ್ತು ಅಳೆದರು. ನಮ್ಮವನಿಗೆ ಆ ಸೌಕರ್ಯವಿಲ್ಲ; ಅವನ ಮೆತ್ತೆಗಳು ತಡವಾಗಿ ಬಂದು ಬೇಗ ಎದ್ದು ಹೋಗುತ್ತವೆ.

ಫಲಾಪೇಕ್ಷೆಯಿಲ್ಲದೆ ಮಾಡಬೇಕೆಂದು ಉಪದೇಶಿಸುವುದು ಸುಲಭ. ಆದರೆ ಯಾರೂ ಗಮನಿಸದ ಮನುಷ್ಯನಲ್ಲಿ 'ನಾನೂ ಇದ್ದೇನೆ' ಎಂದು ತೋರಿಸಿಕೊಳ್ಳುವ ಆಸೆ ಮೆಲ್ಲನೆ ತಲೆಯೆತ್ತುತ್ತದೆ. ಅವನ ಕೈಯಲ್ಲಿರುವುದೋ ಒಂದೇ ಗುಂಡಿ. ಅದು ಸದ್ದಿಲ್ಲದೆ ಬಲಕ್ಕೆ ತಿರುಗುತ್ತದೆ. ನಮ್ಮ ನಗರದ ಗದ್ದಲವೆಲ್ಲ ಭಕ್ತಿಯದಲ್ಲ. ಅದರಲ್ಲಿ ಇಂಥವರ ಮುನಿಸಿನ ಪಾಲೂ ಇದೆಯೆಂದು ನನ್ನ ಗುಮಾನಿ.

ಕಾಯಿದೆ ಇಲ್ಲವೇ ಎಂದು ವಾಚಕರು ಕೇಳಬಹುದು. ಇದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಅದೇ ವರ್ಷ ಚೆನ್ನೈಯ ಒಂದು ಇಗರ್ಜಿಯ ಧ್ವನಿವರ್ಧಕದ ಮೊಕದ್ದಮೆಯಲ್ಲಿ, ನೆರೆಯವರ ಶಾಂತಿ ಕೆಡಿಸಿ ಪ್ರಾರ್ಥಿಸೆಂದು ಯಾವ ಧರ್ಮವೂ ಹೇಳುವುದಿಲ್ಲವೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ನಮ್ಮ ನೆರೆಯ ಕುರ್ಲಾದ ನೆಹರೂ ನಗರದ ನಿವಾಸಿಗಳ ಅರ್ಜಿಯ ಮೇಲೆ, ಧ್ವನಿವರ್ಧಕ ಯಾವ ಧರ್ಮದ ಅನಿವಾರ್ಯ ಅಂಗವೂ ಅಲ್ಲವೆಂದು ಮುಂಬಯಿ ಹೈಕೋರ್ಟು 2025ರ ಜನವರಿಯಲ್ಲಿ ಸಾರಿತು. ಮಂದಿರ, ಮಸೀದಿ, ಇಗರ್ಜಿ ಎಲ್ಲಕ್ಕೂ ಈ ಮಾತು ಒಂದೇ.

ಆದರೆ ಕಾಯಿದೆ ಹೇಳಬಲ್ಲದ್ದು ಡೆಸಿಬೆಲ್ ಲೆಕ್ಕ ಮಾತ್ರ. ಸಭೆಯಲ್ಲಿ 'ಇನ್ನಷ್ಟು ಏರಿಸಿ' ಎನ್ನಲು ಹತ್ತು ಜನರಿರುತ್ತಾರೆ, ಅವರಲ್ಲಿ ಹೆಚ್ಚಿನವರು ಸ್ಪೀಕರಿನ ಪಕ್ಕದಲ್ಲೇ ಕುಳಿತವರು! ಗೋಡೆಯಾಚೆ ಪರೀಕ್ಷೆಗೆ ಓದುತ್ತಿರುವ ಹುಡುಗ, ಆಗತಾನೆ ನಿದ್ದೆ ಹತ್ತಿದ ರೋಗಿ, ಇವರಿಗೆ ಯಾವ ಕಾರ್ಯಕಾರಿ ಸಮಿತಿಯಲ್ಲೂ ಪ್ರತಿನಿಧಿಯಿಲ್ಲ. ಅವರ ಪರವಾಗಿ ಅಲ್ಲಿರುವವನು ಗುಂಡಿ ಹಿಡಿದವನೊಬ್ಬನೇ.

ಆದುದರಿಂದ ಅವನು ದುಡಿಯಬೇಕಾದದ್ದು ಇಬ್ಬರಿಗಾಗಿ: ದನಿ ಕೇಳಿಸಲೇಬೇಕಾದ ಕೊನೆಯ ಬೆಂಚಿನ ಅಜ್ಜಿ, ಕೇಳಿಸಬಾರದ ಆಚೆಮನೆಯ ರೋಗಿ. ಇಬ್ಬರೂ ಅವನನ್ನು ಹೊಗಳುವುದಿಲ್ಲ. ಇಬ್ಬರಿಗೂ ಅವನಿರುವುದೇ ತಿಳಿಯದು. ಆದರೂ ಅವನ ಕೆಲಸದ ಅಳತೆ ಇರುವುದು ಅವರ ಕಿವಿಗಳಲ್ಲೇ ಹೊರತು ಅವನಿಗೆ ಸಲ್ಲುವ ಮೆಚ್ಚುಗೆಯಲ್ಲಲ್ಲ. ಮೆಚ್ಚುವವರಿಲ್ಲದ ಮಾತ್ರಕ್ಕೆ ಕೆಲಸ ಯಾರಿಗೂ ಸೇರಿದ್ದಲ್ಲವೆಂದಾಗುವುದಿಲ್ಲ.

ಹೀಗೆಂದು ನಮ್ಮ ಋಣ ತೀರಿತೆಂದಲ್ಲ. ಮುಂದಿನ ಸಭೆಯಲ್ಲಿ ಎಲ್ಲವೂ ಚೆನ್ನಾಗಿ ಕೇಳಿಸುತ್ತಿರುವಾಗಲೇ ಒಮ್ಮೆ ಹಿಂದಿರುಗಿ ಅವನನ್ನು ನೋಡೋಣ. ಏನು ಕೆಟ್ಟಿತೋ ಎಂದು ಗಾಬರಿಯಿಂದ ಅವನು ತಂತಿಗಳನ್ನು ತಡಕಾಡಿದರೆ, ಒಂದು ಮುಗುಳ್ನಗೆ ಬೀರಿದರಾಯಿತು.