ದಂಡ ಕಟ್ಟಿದರೆ ಋಣ ತೀರಿತೇ?

ಸುಳ್ಳು ಹೇಳಬಾರದು, ಕದಿಯಬಾರದು, ನೆರೆಯವರ ಮನ ನೋಯಿಸಬಾರದು ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ರಸ್ತೆಯ ನಡುವಿನ ಗೆರೆ ದಾಟಬಾರದು ಎಂದು ಎಷ್ಟು ಮನೆಗಳಲ್ಲಿ ಹೇಳಿಕೊಡುತ್ತೇವೆ? ಹೇಳಿದರೂ ನಾವು ಕೊಡುವ ಕಾರಣ ಒಂದೇ: “ಪೊಲೀಸರು ಹಿಡಿದಾರು.” ಹಿಡಿದರೆ ದಂಡ ಕಟ್ಟಿದರಾಯಿತು, ಹಿಡಿಯದಿದ್ದರೆ ಅಷ್ಟೂ ಇಲ್ಲ. ಅದು ಸರ್ಕಾರದ ನಿಯಮ, ಅದರಲ್ಲಿ ಪಾಪ ಪುಣ್ಯದ ಮಾತೇನು ಎಂದು ಕೇಳುವವರೂ ಉಂಟು. ಈ ಪ್ರಶ್ನೆಗೆ ಉತ್ತರ ಹುಡುಕಲೇಬೇಕು.

ನೈತಿಕ ದೇವಶಾಸ್ತ್ರದಲ್ಲಿ ಇದು ಹಳೆಯ ಚರ್ಚೆ. ಕೆಲವು ಕಾನೂನುಗಳು ‘ಕೇವಲ ದಂಡದ ಕಾನೂನುಗಳು’. ಅವನ್ನು ಮೀರಿದವನು ದಂಡ ತೆರಲು ಸಿದ್ಧನಿದ್ದರೆ ಸಾಕು, ಆತ್ಮಸಾಕ್ಷಿಗೆ ಅವುಗಳ ಹಂಗಿಲ್ಲ ಎಂದು ಹಿಂದಿನ ಶತಮಾನಗಳ ಕೆಲವು ಪಂಡಿತರು ವಾದಿಸಿದ್ದರು. ಆದರೆ 13ನೆಯ ಶತಮಾನದ ಸಂತ ತೋಮಾಸ್ ಅಕ್ವಿನಾಸರ ವಿವರಣೆ ನಮಗೆ ಹೆಚ್ಚು ಸಹಾಯಕ. ಅವರ ಪ್ರಕಾರ ಮಾನವನ ಕಾನೂನು ಸಹಜ ನೀತಿಯಿಂದ ಎರಡು ಬಗೆಯಲ್ಲಿ ಹೊರಡುತ್ತದೆ. ಒಂದು, ನೇರ ತೀರ್ಮಾನವಾಗಿ: ಯಾರಿಗೂ ಕೇಡು ಮಾಡಬಾರದು, ಆದ್ದರಿಂದ ಕೊಲ್ಲಬಾರದು. ಇನ್ನೊಂದು, ಸಾಮಾನ್ಯ ತತ್ವಕ್ಕೆ ನಿರ್ದಿಷ್ಟ ರೂಪ ಕೊಡುವುದರಿಂದ. ಮನೆ ಎಂಬ ಸಾಮಾನ್ಯ ಕಲ್ಪನೆಗೆ ಕಟ್ಟುವವನು ಒಂದು ಆಕಾರ ಕೊಡುವ ಹಾಗೆ.

ಎಡವೋ ಬಲವೋ ಎಂಬ ನಿಯಮ ಈ ಎರಡನೆಯ ಬಗೆಗೆ ಸೇರಿದ್ದು. ಎಡಕ್ಕೆ ಹೋಗುವುದರಲ್ಲಿ ಸ್ವತಃ ಯಾವ ಪುಣ್ಯವೂ ಇಲ್ಲ. ನಮ್ಮಲ್ಲಿ ಎಡ, ಅಮೆರಿಕದಲ್ಲಿ ಬಲ. ಸ್ವೀಡನ್ ದೇಶ 1967ರ ಸೆಪ್ಟೆಂಬರ್ 3ರಂದು ಒಂದೇ ದಿನದಲ್ಲಿ ಎಡದಿಂದ ಬಲಕ್ಕೆ ಬದಲಾಯಿತು; ನಿನ್ನೆಯ ಸರಿ ಇಂದು ತಪ್ಪಾಯಿತು. ಆದರೆ ಎದುರು ಬರುವವನ ಜೀವ ಕಾಯಬೇಕೆಂಬ ಕರ್ತವ್ಯ ಆ ದಿನವೂ ಬದಲಾಗಲಿಲ್ಲ. ನಿಯಮ ಒಂದು ಸಲ ಗೊತ್ತಾದ ಮೇಲೆ ಅದನ್ನು ನಂಬಿ ಜನ ರಸ್ತೆಗಿಳಿಯುತ್ತಾರೆ. ಆ ನಂಬಿಕೆಯನ್ನು ಮುರಿಯುವವನು ಕೊಲ್ಲಬಾರದೆಂಬ ಐದನೆಯ ಕಟ್ಟಳೆಯ ಹತ್ತಿರಕ್ಕೆ ಬಂದು ನಿಂತಿದ್ದಾನೆ. 1992ರಲ್ಲಿ ಪ್ರಕಟವಾದ ಕಥೋಲಿಕ ಶ್ರೀಸಭೆಯ ಧರ್ಮೋಪದೇಶವು ಕುಡಿತದಿಂದಲೋ ವೇಗದ ಹುಚ್ಚಿನಿಂದಲೋ ರಸ್ತೆಯಲ್ಲಿ ತನ್ನ ಮತ್ತು ಇತರರ ಸುರಕ್ಷೆಗೆ ಅಪಾಯ ತರುವುದನ್ನು ಗಂಭೀರ ಅಪರಾಧವೆಂದೇ ಹೇಳುತ್ತದೆ. ಅದನ್ನು ಐದನೆಯ ಕಟ್ಟಳೆಯ ವಿವರಣೆಯಲ್ಲೇ ಸೇರಿಸಿದೆ.

ಹಾಗಾದರೆ ಆ ಗೆರೆಗಳು ಹೇಳುವುದೇನು? ರಸ್ತೆಯ ನಡುವೆ ತುಂಡು ತುಂಡು ಗೆರೆ ಇದ್ದರೆ, ಎದುರು ರಸ್ತೆ ಖಾಲಿ ಇದೆಯೆಂದು ಖಚಿತವಾದಾಗ ಮಾತ್ರ ಅದನ್ನು ದಾಟಿ ಮುಂದಿನ ವಾಹನವನ್ನು ಹಿಂದೆ ಹಾಕಬಹುದು. ಅಖಂಡ ಗೆರೆ ಇದ್ದರೆ ಹಿಂದೆ ಹಾಕಲು ಅದನ್ನು ದಾಟಕೂಡದು. ಜೋಡಿ ಅಖಂಡ ಗೆರೆಯಾದರೆ ಎರಡೂ ಕಡೆಯವರಿಗೆ ನಿಷೇಧ. ಒಂದು ಅಖಂಡ, ಒಂದು ತುಂಡು ಇದ್ದರೆ ನಿಮ್ಮ ಬದಿಯ ಗೆರೆಯನ್ನು ನೋಡಿ ನಡೆಯಬೇಕು. ತಿರುವಿನಲ್ಲಿ, ದಿಬ್ಬದ ನೆತ್ತಿಯಲ್ಲಿ ಗೆರೆ ಅಖಂಡವಾಗುವುದು ಏಕೆ? ಅಲ್ಲಿ ಎದುರಿನವರು ನಿಮಗೆ ಕಾಣುವುದಿಲ್ಲ. ಕಾಣದ ಆ ವ್ಯಕ್ತಿಯ ಪರವಾಗಿ ಗೆರೆ ಮಾತನಾಡುತ್ತಿದೆ.

ತಿರುಗುವ ನಿಯಮವೂ ಹೀಗೆಯೇ. ಎಡಕ್ಕೆ ತಿರುಗುವವರು ಮೊದಲೇ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಎಡ ಅಂಚಿಗೆ ಸರಿದು, ಹೊಸ ರಸ್ತೆಯ ಎಡಬದಿಯನ್ನೇ ಹಿಡಿಯಬೇಕು. ಬಲಕ್ಕೆ ತಿರುಗುವವರು ಮುಂಚಿತವಾಗಿ ಸೂಚನೆ ಕೊಟ್ಟು, ಹಿಂದೆ ನೋಡಿ, ರಸ್ತೆಯ ಮಧ್ಯದ ಹತ್ತಿರಕ್ಕೆ ಬಂದು, ಎದುರಿನವರಿಗೆ ದಾರಿ ಬಿಟ್ಟು, ಆಮೇಲೆ ತಿರುಗಿ ಹೊಸ ರಸ್ತೆಯ ಎಡಬದಿಯನ್ನು ಸೇರಬೇಕು. ಮೂಲೆ ಕತ್ತರಿಸಿ ನುಗ್ಗಬಾರದು. ತಿರುಗುತ್ತಿರುವ ಬಸ್ಸು, ಲಾರಿಯ ಎಡ ಸಂದಿಯಲ್ಲಿ ಬೈಕು ತೂರಿಸಬೇಡಿ. ಅದರ ಹಿಂದಿನ ಚಕ್ರಗಳು ಮುಂದಿನವುಗಳಿಗಿಂತ ಒಳಕ್ಕೆ ಬರುತ್ತವೆ.

“ಸ್ವಾಮಿ, ಇದೆಲ್ಲ ಹೆದ್ದಾರಿಗೆ ಸರಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಹಳ್ಳಿ ರಸ್ತೆಯಲ್ಲಿ ಗೆರೆ ಎಲ್ಲಿದೆ?” ಎಂದು ನೀವು ಕೇಳಬಹುದು. ನಿಜ, ಎಷ್ಟೋ ಕಡೆ ಗೆರೆ ಅಳಿಸಿದೆ, ಎಷ್ಟೋ ಕಡೆ ಎಳೆದೇ ಇಲ್ಲ. ಸುಗ್ಗಿಯಲ್ಲಿ ಅರ್ಧ ರಸ್ತೆ ಒಕ್ಕಣೆಯ ಕಣವಾಗುತ್ತದೆ. ಕುರಿಮಂದೆ, ಎತ್ತಿನ ಗಾಡಿ, ಹಿಂದೆ ದೀಪವಿಲ್ಲದ ಟ್ರಾಕ್ಟರ್ ಟ್ರೈಲರ್ ಎಲ್ಲಕ್ಕೂ ಅದೇ ರಸ್ತೆ. ಆದರೆ ಗೆರೆಯಿಂದ ಕರ್ತವ್ಯ ಹುಟ್ಟಲಿಲ್ಲ. ಮೊದಲೇ ಇದ್ದ ಕರ್ತವ್ಯವನ್ನು ಗೆರೆ ತೋರಿಸಿತು, ಅಷ್ಟೆ. ಬಣ್ಣ ಅಳಿಸಿದ ಕಡೆ ಎಚ್ಚರ ಇಮ್ಮಡಿಯಾಗಬೇಕು. ರಸ್ತೆಯಲ್ಲಿ ಕಾಳು ಹರಡಿ ಸುತ್ತ ಕಲ್ಲಿಡುವವರಿಗೂ, ಟ್ರೈಲರ್‌ಗೆ ಕೆಂಪು ಪ್ರತಿಫಲಕ ಅಂಟಿಸದವರಿಗೂ, ಗೆರೆ ಬಳಿಸಬೇಕಾದ ಅಧಿಕಾರಿಗಳಿಗೂ ಈ ಮಾತು ಸಲ್ಲುತ್ತದೆ.

ಇನ್ನೊಂದು ಸಮಾಧಾನ ನಮ್ಮಲ್ಲಿ ಸಾಮಾನ್ಯ: “ಯಾರಿಗೂ ಏನೂ ಆಗಲಿಲ್ಲವಲ್ಲ!” ಇಬ್ಬರು ಯುವಕರು ಒಂದೇ ಕುರುಡು ತಿರುವಿನಲ್ಲಿ ಗೆರೆ ದಾಟಿದರೆಂದು ಭಾವಿಸಿ. ಒಬ್ಬನಿಗೆ ಯಾರೂ ಎದುರಾಗಲಿಲ್ಲ. ಇನ್ನೊಬ್ಬನಿಗೆ ಒಬ್ಬ ತಾಯಿ, ಒಂದು ಮಗು ಎದುರಾದರು. ಕಾನೂನು ಇವರಿಬ್ಬರನ್ನು ಬೇರೆ ಬೇರೆಯಾಗಿ ಕಾಣುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಮಿನಂತೆ, ಯಾರಿಗೂ ಗಾಯವಾಗದಿದ್ದರೂ, ಜೀವಕ್ಕೆ ಅಪಾಯವಾಗುವಂಥ ದುಡುಕಿನ ಚಾಲನೆಗೆ ಆರು ತಿಂಗಳವರೆಗೆ ಸಜೆಯಾಗಬಹುದು. ದುಡುಕಿನಿಂದ ಸಾವು ಸಂಭವಿಸಿದರೆ 106ನೆಯ ಕಲಮಿನಂತೆ ಐದು ವರ್ಷದವರೆಗೆ. ಆದರೆ ಆ ತಿರುವಿನಲ್ಲಿ ಇಬ್ಬರೂ ಮಾಡಿದ ಆಯ್ಕೆ ಒಂದೇ. ಮೊದಲನೆಯವನನ್ನು ಉಳಿಸಿದ್ದು ಅವನ ಗುಣವಲ್ಲ, ಖಾಲಿ ರಸ್ತೆ. ಆತ್ಮಸಾಕ್ಷಿ ಫಲಿತಾಂಶಕ್ಕೆ ಕಾಯುತ್ತ ಕೂರಬಾರದು. ಆಯ್ಕೆಯ ಗಳಿಗೆಯಲ್ಲೇ ಅದು ಎಚ್ಚರವಾಗಿರಬೇಕು.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳಿತು. ಯಾವ ದಂಡದ ರಸೀದಿ ಇವರಲ್ಲಿ ಒಬ್ಬರನ್ನಾದರೂ ಮನೆಗೆ ಮರಳಿಸೀತು? ದಂಡ ಸರ್ಕಾರದ ಖಜಾನೆಗೆ ಸಲ್ಲುತ್ತದೆ. ಎದುರು ಬಂದವರಿಗೆ ನಾವು ಕೊಡಬೇಕಾಗಿದ್ದುದು ಎಚ್ಚರಿಕೆ. ಅದು ಬಾಕಿಯಾಗಿಯೇ ಉಳಿಯುತ್ತದೆ.

ತಂದೆ ತಾಯಂದಿರಿಗೆ ಕೊನೆಯದಾಗಿ ಒಂದು ಮಾತು. ಹತ್ತನೆಯ ತರಗತಿ ಪಾಸಾದ ಸಂತೋಷಕ್ಕೆ ಮಗನ ಕೈಗೆ ಗೇರಿನ ಬೈಕು ಕೊಡುವುದು ಪ್ರೀತಿಯಂತೆ ಕಾಣಬಹುದು. ಹದಿನೆಂಟು ತುಂಬದವರು ವಾಹನ ಓಡಿಸಿ ಅಪರಾಧ ಎಸಗಿದರೆ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸಜೆ ಮತ್ತು 25,000 ರೂಪಾಯಿ ದಂಡ ಉಂಟು. ಆದರೆ ಮಗನಿಗೆ ಕಾಯ್ದೆಯ ಭಯವನ್ನಷ್ಟೇ ಕಲಿಸಬೇಡಿ. ಅವನನ್ನು ಹಿಂದೆ ಕೂರಿಸಿಕೊಂಡು ಹೋಗುವಾಗ, ಪೊಲೀಸರಿಲ್ಲದ ರಸ್ತೆಯಲ್ಲೂ ಇಂಡಿಕೇಟರ್ ಹಾಕಿ, ಅಖಂಡ ಗೆರೆಯ ಹಿಂದೆ ತಾಳ್ಮೆಯಿಂದ ಉಳಿಯಿರಿ. ಯಾಕೆಂದು ಅವನು ಕೇಳಿದರೆ ಹೇಳಿ: “ಎದುರು ಬರುವವರಿಗೂ ಮನೆಯಲ್ಲಿ ಕಾಯುವವರಿದ್ದಾರೆ, ಮಗಾ.”