ಕೈಗೆಟುಕದ ಚಿಲಕ



ಪ್ರವಾದಿವರ್ಯರ(ಸ) ಅನುಚರರಲ್ಲಿ ಹಝ್ರತ್ ಅಬ್ದುಲ್ಲಾ ಇಬ್ನು ಮಸ್‌ಊದ್(ರ) ಗಿಡ್ಡ ದೇಹದವರು, ಸಣಕಲು ಕಾಲಿನವರು. ಒಮ್ಮೆ ಅವರು ಮಿಸ್ವಾಕ್‌ಗಾಗಿ ಅರಾಕ್ ಮರ ಹತ್ತಿದಾಗ ಗಾಳಿಗೆ ಬಟ್ಟೆ ಸರಿದು ಕಾಲು ಕಾಣಿಸಿತು. ಕೆಳಗಿದ್ದವರು ನಕ್ಕರು. ಆ ಕಾಲುಗಳು ಅಲ್ಲಾಹನ ತಕ್ಕಡಿಯಲ್ಲಿ ಉಹುದ್ ಬೆಟ್ಟಕ್ಕಿಂತ ಭಾರವೆಂದು ಪ್ರವಾದಿವರ್ಯರು(ಸ) ಅವರನ್ನು ತಿದ್ದಿದರು.

ಒಬ್ಬರ ದೇಹ ನೋಡಿ ನಗುವುದು ಪಾಪವೆಂದು ನಿಮಗೆ ಗೊತ್ತು. ಆದರೆ ಯಾರೂ ನಗದಿರುವಾಗಲೂ ಗಿಡ್ಡ ದೇಹದವರನ್ನು ದಿನವಿಡೀ ನೋಯಿಸುವ ವಸ್ತುಗಳು ನಮ್ಮ ಸುತ್ತ ಇವೆ.

ಎಲುಬುಗಳು ಸರಿಯಾಗಿ ಬೆಳೆಯದ ಹುಟ್ಟುಸ್ಥಿತಿಗಳು ಹಲವು. ಹೆಚ್ಚಾಗಿ ಕಾಣುವುದು ಅಕಾಂಡ್ರೋಪ್ಲೇಸಿಯಾ. ಒಂದು ಜೀನಿನ ಬದಲಾವಣೆ ಇದಕ್ಕೆ ಕಾರಣವೆಂದು 1994ರಲ್ಲಿ ತಿಳಿದುಬಂತು. ಇಂತಹ ಹತ್ತು ಮಕ್ಕಳಲ್ಲಿ ಸುಮಾರು ಎಂಟು ಮಂದಿಯ ತಂದೆತಾಯಿ ಸಾಮಾನ್ಯ ಎತ್ತರದವರೇ. ಗ್ರಹಣ, ಶಾಪ, ತಾಯಿಯ ತಪ್ಪು ಎಂಬ ಮಾತುಗಳನ್ನು ದಯವಿಟ್ಟು ಬಿಟ್ಟುಬಿಡಿ. ಬುದ್ಧಿಗೆ ಯಾವ ಕುಂದೂ ಇಲ್ಲ. ಬೆಳೆದ ಮೇಲೆ ಎತ್ತರ ನಾಲ್ಕು ಅಡಿಯ ಆಸುಪಾಸು. ತೋಳೂ ಗಿಡ್ಡವಾದ್ದರಿಂದ ಕೈ ಎಟುಕುವ ಎತ್ತರ ಇನ್ನೂ ಕಡಿಮೆ.

ಈಗ ನಿಮ್ಮ ಮನೆಯ ಬಚ್ಚಲಿನ ಬಾಗಿಲು ನೋಡಿ. ಚಿಲಕ ಎಲ್ಲಿದೆ? ಹೆಚ್ಚಿನ ಮನೆಗಳಲ್ಲಿ ಬಾಗಿಲಿನ ನೆತ್ತಿಯಲ್ಲಿ. ನೆಂಟರಾಗಿ ಬಂದ ನಾಲ್ಕಡಿಯ ಹೆಣ್ಣುಮಗಳು ಅದನ್ನು ಹಾಕಿಕೊಳ್ಳಲಾರಳು; ಹೊರಗೆ ಯಾರನ್ನಾದರೂ ಕಾವಲು ನಿಲ್ಲಿಸಬೇಕು. ಪರ್ದಾ, ಹಯಾ ಎಂದು ಗಂಟೆಗಟ್ಟಲೆ ಉಪದೇಶಿಸುವ ನಮಗೆ ಇದು ಹೊಳೆಯುವುದೇ ಇಲ್ಲ! ಬಸ್ಸಿನ ಮೊದಲ ಮೆಟ್ಟಿಲು, ಬ್ಯಾಂಕಿನ ಕೌಂಟರ್, ಎಟಿಎಂ, ದೀಪದ ಸ್ವಿಚ್ಚು ಎಲ್ಲವೂ ಇದೇ ಕಥೆ. ಶಾಲೆಯ ಬೆಂಚಿನಲ್ಲಿ ಮಗುವಿನ ಕಾಲು ಜೋತಾಡುತ್ತದೆ. ಅಕಾಂಡ್ರೋಪ್ಲೇಸಿಯಾದಲ್ಲಿ ಬೆನ್ನುಹುರಿಯ ದಾರಿಯೇ ಕಿರಿದು; ಆ ಬೆನ್ನಿಗೆ ಇದು ಸಣ್ಣ ಸಂಕಟವಲ್ಲ.

ಇನ್ನು ಮಸೀದಿ. ಪವಿತ್ರ ಕುರ್‌ಆನನ್ನು ಗೌರವದಿಂದ ಎತ್ತರದ ಕಪಾಟಿನಲ್ಲಿ ಇಡುತ್ತೇವೆ, ಸರಿಯೇ. ಆದರೆ ಅದನ್ನು ಓದಲು ಬಂದವನೊಬ್ಬ ಪ್ರತಿ ಸಲವೂ ಇನ್ನೊಬ್ಬರನ್ನು ಬೇಡಿ ಇಳಿಸಿಕೊಳ್ಳಬೇಕೇ? ಕೆಳಗಿನ ಹಲಗೆಯಲ್ಲೂ ಎರಡು ಪ್ರತಿ ಇದ್ದರೆ ಗೌರವಕ್ಕೇನು ಕೊರತೆ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಈ ಸ್ಥಿತಿಯನ್ನು ಅಂಗವೈಕಲ್ಯವೆಂದು ಗುರುತಿಸಿದೆ. ಬೆಳೆದವರಲ್ಲಿ 4 ಅಡಿ 10 ಇಂಚು ಅಥವಾ ಅದಕ್ಕಿಂತ ಕಡಿಮೆ ಎತ್ತರ ಎಂಬುದು ಅದರ ಅಳತೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಮನೆಯವರು ನಾಚಬೇಕಾಗಿಲ್ಲ. ಆದರೆ ನಮಗೆ ಕಾಯ್ದೆಗಿಂತ ಮೊದಲೇ ಆಜ್ಞೆಯಿದೆ. ದಾರಿಯಲ್ಲಿ ಬಿದ್ದ ತೊಡಕನ್ನು ಸರಿಸುವುದು ಈಮಾನಿನ ಒಂದು ಶಾಖೆಯೆಂದು ಹದೀಸ್ ತಿಳಿಸುತ್ತದೆ. ತೊಡಕೆಂದರೆ ಮುಳ್ಳು, ಕಲ್ಲು ಮಾತ್ರವೇ? ಎತ್ತರದ ಚಿಲಕವೂ ತೊಡಕೇ. ಕೆಳಗೆ ಇನ್ನೊಂದು ಚಿಲಕ ಹೊಡೆಸಲು ಬಡಗಿಗೆ ಅರ್ಧ ಗಂಟೆ ಸಾಕು. ವುಝೂ ಮಾಡುವಲ್ಲಿ, ಕೈ ತೊಳೆಯುವಲ್ಲಿ ಅಗಲ ಕಾಲಿನ, ಅಲುಗದ ಮಣೆ ಇರಲಿ. ಪ್ಲಾಸ್ಟಿಕ್ ಸ್ಟೂಲು ಜಾರುತ್ತದೆ.

ಒಂದು ಮಾತು. ಸಹಾಯದ ಉತ್ಸಾಹದಲ್ಲಿ ಬಸ್ಸಿನ ಬಾಗಿಲಲ್ಲಿ ಅವರ ಬಗಲಿಗೆ ಕೈ ಹಾಕಿ ಎತ್ತಬೇಡಿ. ನಲ್ವತ್ತು ವರ್ಷದವರನ್ನು ಮಗುವಿನಂತೆ 'ಬಾರೋ' ಎನ್ನಬೇಡಿ. "ಏನು ಮಾಡಲಿ?" ಎಂದು ಕೇಳಿ. ಚಿಲಕ ಹೊಡೆಸುವಾಗಲೂ ಅಷ್ಟೇ. ಅವರನ್ನೇ ಬಾಗಿಲ ಬಳಿ ನಿಲ್ಲಿಸಿ, ಕೈ ಎಟುಕುವಲ್ಲಿ ಅವರೇ ಗುರುತು ಹಾಕಲಿ.