ಬಲವೂ ನೆಚ್ಚಿಕೆಯೂ

ಅಶ್ವಶಕ್ತಿ ಎಂಬ ಅಳತೆಯನ್ನು ಬಳಕೆಗೆ ತಂದವನು ಜೇಮ್ಸ್ ವಾಟ್. ತನ್ನ ಉಗಿಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡಬಲ್ಲುದೆಂಬುದನ್ನು ಕೊಳ್ಳುವವರಿಗೆ ತಿಳಿಯುವಂತೆ ಹೇಳಬೇಕಾಗಿತ್ತು. ಅದಕ್ಕಾಗಿ ಈ ಲೆಕ್ಕ ಹಾಕಿದ. ಇಂದಿನ ಮಾನದಲ್ಲಿ ಅದು ಸುಮಾರು 746 ವ್ಯಾಟ್. ಅಳತೆಯೇನೋ ಸೊಗಸಾಗಿದೆ. ಆದರೆ ಕುದುರೆ ಎಷ್ಟು ಎಳೆಯುತ್ತದೆಂಬುದನ್ನು ಮಾತ್ರ ಅದು ಹೇಳುತ್ತದೆ. ನಾಳೆ ಬೆಳಗ್ಗೆ ಅದೇ ಕುದುರೆ ಲಾಯದಿಂದ ಎದ್ದು ಬಂದೀತೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ನೆಚ್ಚಿಕೆಯನ್ನು ಅಷ್ಟು ಸುಲಭವಾಗಿ ಅಂಕಿಯಲ್ಲಿ ಹಿಡಿದುಕೊಟ್ಟವರಿಲ್ಲ. ಅಂಕಿಯುಳ್ಳ ಗುಣ ಅಂಕಿಯಿಲ್ಲದ ಗುಣವನ್ನು ಬದಿಗೊತ್ತುವುದು ಲೋಕರೂಢಿ. ಹೀಗಾಗಿ ಯಂತ್ರ ಕೊಳ್ಳಹೋದವನು ‘ಎಷ್ಟು ಎಚ್.ಪಿ.? ಎಷ್ಟು ಸಿ.ಸಿ.?’ ಎಂದು ಮೊದಲು ಕೇಳುತ್ತಾನೆ. ‘ಕೈ ಕೊಡುವುದಿಲ್ಲವಷ್ಟೆ?’ ಎಂಬ ಪ್ರಶ್ನೆ ಹಣ ಕೊಟ್ಟ ಮೇಲೆ ನೆನಪಿಗೆ ಬರುತ್ತದೆ.

ಬಳ್ಳಾರಿ ಜಿಲ್ಲೆಯ ಕುರುಗೋಡಿನಲ್ಲಿ ನಾನು ಕೇಳಿದ ಒಂದು ಚರ್ಚೆ ಈ ವಿಷಯವನ್ನು ಕುರಿತು ಯೋಚಿಸುವಂತೆ ಮಾಡಿತು. ಹನ್ನೆರಡನೆಯ ಶತಮಾನದಲ್ಲಿ ಸಿಂದ ಅರಸರು ಆಳಿದ ಊರು ಅದು. ದೊಡ್ಡ ಬಸವೇಶ್ವರನ ಗುಡಿಯಲ್ಲಿ ಏಕಶಿಲೆಯ ಭಾರಿ ಬಸವ ಇಂದಿಗೂ ಮಲಗಿದ್ದಾನೆ. ಆದರೆ ಹೊಲದಲ್ಲಿ ಬಸವನ ಕೆಲಸ ಬಹುಮಟ್ಟಿಗೆ ಟ್ರ್ಯಾಕ್ಟರಿನ ಪಾಲಾಗಿದೆ. ಅಂಥ ಒಂದು 35 ಅಶ್ವಶಕ್ತಿಯ ಹಳೆಯ ಟ್ರ್ಯಾಕ್ಟರಿನ ಸುತ್ತ ಮೂವರು ನಿಂತು ಮಾತಾಡುತ್ತಿದ್ದರು: ಒಡೆಯರಾದ ಹಿರಿಯ ರೈತರು, ಅವರ ಸೋದರಳಿಯ, ಮತ್ತು ರಿಪೇರಿ ಮಾಡುವ ವಯಸ್ಸಾದ ಸಾಹೇಬರು. ಡೀಸೆಲ್ ಪಂಪನ್ನು ಸ್ವಲ್ಪ ಏರಿಸಿ ಹೆಚ್ಚು ಎಣ್ಣೆ ಹೋಗುವಂತೆ ಮಾಡಿದರೆ ಎಂಜಿನ್ನಿಗೆ ಹೆಚ್ಚು ಬಲ ಬರುತ್ತದೆ, ದೊಡ್ಡ ರೋಟವೇಟರನ್ನು ಕಟ್ಟಬಹುದು ಎಂಬುದು ಹುಡುಗನ ವಾದ.

“ಮಾಮಾ, ದಿನಕ್ಕ ಎರಡು ಎಕರೆ ಜಾಸ್ತಿ ಹೊಡೀಬಹುದು. ಎಂಜಿನ್ ತಡೀತೈತಿ.”

ಸಾಹೇಬರು ಕೈಯ ಎಣ್ಣೆ ಒರೆಸಿಕೊಳ್ಳುತ್ತ ಹೇಳಿದರು: “ಎಂಜಿನ್ ತಡೀತೈತಿ ಅಂತಲೇ ಇಟ್ಕೋರಿ ಗೌಡ್ರೇ. ಅದರ ಹಿಂದ ಕ್ಲಚ್ ಐತಿ, ಗೇರು ಐತಿ, ಆಕ್ಸಲ್ ಐತಿ. ಇವತ್ತಿಂದ ನೀವು ಜಾಸ್ತಿ ಹೊರಬೇಕಂತ ಅವಕ್ಕ ಯಾರು ಹೇಳ್ಯಾರ?”

ಈ ಮಾತಿನಲ್ಲಿ ಒಂದು ಇಡೀ ಶಾಸ್ತ್ರ ಅಡಗಿದೆಯೆಂದು ನನಗೆ ಅನಿಸಿತು. ಯಂತ್ರವನ್ನು ಕಟ್ಟಿದವನು ಪ್ರತಿಯೊಂದು ಭಾಗಕ್ಕೂ ಅದು ದಿನವೂ ಹೊರುವ ಭಾರಕ್ಕಿಂತ ಒಂದಿಷ್ಟು ಹೆಚ್ಚಿನ ತಾಳಿಕೆಯನ್ನು ಕೊಟ್ಟಿರುತ್ತಾನೆ. ನಾವು ‘ಬಳಕೆಯಾಗದೆ ವ್ಯರ್ಥವಾಗಿ ಬಿದ್ದಿದೆ’ ಎಂದುಕೊಳ್ಳುವುದು ಆ ಮೀಸಲನ್ನೇ. ಪಂಪನ್ನು ಏರಿಸಿದಾಗ ಹೊಸ ಬಲವೇನೂ ಆಕಾಶದಿಂದ ಇಳಿಯುವುದಿಲ್ಲ. ಮೀಸಲಿನ ಗಂಟನ್ನು ಬಿಚ್ಚಿ ಖರ್ಚು ಮಾಡುತ್ತೇವೆ. ಗಾಳಿಗೆ ಮೀರಿದ ಎಣ್ಣೆ ಪೂರ್ತಿ ಉರಿಯದೆ ಕರಿ ಹೊಗೆಯಾಗುತ್ತದೆ, ಕಾವು ಏರುತ್ತದೆ, ಪಿಸ್ಟನ್ನು ಬೇಗ ಸವೆಯುತ್ತದೆ. ಸಿಲಿಂಡರನ್ನು ಕೊರೆದು ದೊಡ್ಡ ಪಿಸ್ಟನ್ನು ಕೂರಿಸುವವರ ಲೆಕ್ಕವೂ ಇಂಥದೇ. ವ್ಯಾಸ ನೂರಕ್ಕೆ 10ರಷ್ಟು ಹೆಚ್ಚಿದರೆ ಎಂಜಿನ್ನಿನ ಗಾತ್ರ ನೂರಕ್ಕೆ 21ರಷ್ಟು ಹೆಚ್ಚುತ್ತದೆ. ಕೇಳಲು ಲಾಭವೇ. ಆದರೆ ಕೊರೆದಷ್ಟೂ ಸಿಲಿಂಡರಿನ ಗೋಡೆ ತೆಳ್ಳಗಾಗುತ್ತದೆ. ಕಾವನ್ನು ಹೊರಹಾಕುವ ಏರ್ಪಾಡು ಮಾತ್ರ ಮೊದಲಿದ್ದಷ್ಟೇ ಇರುತ್ತದೆ.

ಹಾಗೆಂದು ಬಲವನ್ನು ಬಯಸುವುದೇ ತಪ್ಪೆಂದರೆ ಅದು ನ್ಯಾಯವಾಗದು. ಹುಡುಗನ ಪರವಾಗಿಯೂ ಹೇಳತಕ್ಕ ಮಾತಿದೆ. ಸಣ್ಣ ಎಂಜಿನ್ನನ್ನು ದಿನವಿಡೀ ಏದುಸಿರು ಬಿಡುವಂತೆ ದುಡಿಸುವುದಕ್ಕಿಂತ, ದೊಡ್ಡ ಎಂಜಿನ್ನನ್ನು ಅದರ ಬಲದ ಅರ್ಧದಲ್ಲಿ ನಿರಾಯಾಸವಾಗಿ ನಡೆಸಿದರೆ ಅದು ಹೆಚ್ಚು ಕಾಲ ಬಾಳುತ್ತದೆ. ಮೊದಲಿನಿಂದಲೂ 50 ಅಶ್ವಶಕ್ತಿಗೆಂದೇ ಕ್ಲಚ್ಚು, ಗೇರು, ಆಕ್ಸಲುಗಳನ್ನು ಹೊಂದಿಸಿ ಕಟ್ಟಿದ ಟ್ರ್ಯಾಕ್ಟರು ಬೇರೆ. 35ರದನ್ನು ಹಿಂಡಿ 45 ಮಾಡಿದ್ದು ಬೇರೆ. ಮೊದಲನೆಯದು ಬೆಳೆದ ಎತ್ತು, ಎರಡನೆಯದು ಬಾರುಕೋಲಿನ ಪೆಟ್ಟಿಗೆ ಓಡುವ ಎತ್ತು. ಆದರೆ ಬೆಳೆದ ಎತ್ತಿಗೆ ಬೆಲೆ ಹೆಚ್ಚು, ಸಾಲದ ಕಂತು ಹೆಚ್ಚು. ತೂಕವೂ ಹೆಚ್ಚಾದ್ದರಿಂದ ಕರಿಮಣ್ಣನ್ನು ತುಳಿದು ಗಟ್ಟಿ ಮಾಡುವುದೂ, ಭತ್ತದ ಕೆಸರಿನಲ್ಲಿ ಹೂತುಹೋಗುವುದೂ ಉಂಟು. ಒಂದನ್ನು ಪಡೆಯಲು ಇನ್ನೊಂದನ್ನು ಕೊಡಲೇಬೇಕು.

ಈ ತೊಡಕು ಯಂತ್ರಯುಗದಷ್ಟೇ ಹಳೆಯದು. ವಾಟ್ ತನ್ನ ಯಂತ್ರಗಳಲ್ಲಿ ಉಗಿಯ ಒತ್ತಡವನ್ನು ತಗ್ಗಿನಲ್ಲಿಯೇ ಇಟ್ಟಿದ್ದ. ಹೆಚ್ಚಿನ ಒತ್ತಡ ಅಪಾಯವೆಂದು ಅವನ ಎಣಿಕೆ. ರಿಚರ್ಡ್ ಟ್ರೆವಿತಿಕ್ ಎಂಬ ಸಾಹಸಿ ಹೆಚ್ಚಿನ ಒತ್ತಡವನ್ನೇ ಹಿಡಿದ. 1803ರಲ್ಲಿ ಗ್ರಿನಿಚ್‌ನಲ್ಲಿ ಅವನ ಒಂದು ಬಾಯ್ಲರು ಸಿಡಿದು ನಾಲ್ವರು ಸತ್ತರು. ಅವನು ಒತ್ತಡವನ್ನು ಬಿಡಲಿಲ್ಲ; ಬಾಯ್ಲರಿಗೆ ಒಂದರ ಬದಲು ಎರಡು ರಕ್ಷಣಾ ಕವಾಟಗಳನ್ನು ಇಟ್ಟ. ಮರುವರ್ಷ, 1804ರಲ್ಲಿ, ವೇಲ್ಸಿನ ಪೆನಿಡ್ಯಾರೆನ್‌ನಲ್ಲಿ ಅವನ ಎಂಜಿನ್ನು 10 ಟನ್ ಕಬ್ಬಿಣವನ್ನು ಹಳಿಯ ಮೇಲೆ ಎಳೆದು ಲೋಕವನ್ನು ಬೆರಗುಗೊಳಿಸಿತು. ಎಂಜಿನ್ನು ಗೆದ್ದಿತು, ಅದರ ಭಾರಕ್ಕೆ ಎರಕದ ಕಬ್ಬಿಣದ ಹಳಿಗಳು ಮುರಿದವು! ವಾಟನ ಎಚ್ಚರವೊಂದೇ ಇದ್ದಿದ್ದರೆ ರೈಲು ಬರುತ್ತಿರಲಿಲ್ಲ. ಟ್ರೆವಿತಿಕ್ಕನ ಸಾಹಸವೊಂದೇ ಇದ್ದಿದ್ದರೆ ಅದರಲ್ಲಿ ಹತ್ತುವ ಧೈರ್ಯ ಯಾರಿಗೂ ಆಗುತ್ತಿರಲಿಲ್ಲ.

ವಿನೋದಕ್ಕಾಗಿ ಓಡಿಸುವ ಬಂಡಿಗಳಲ್ಲಿಯೂ ಇದೇ ಕಥೆ. ಕಾಡುಹಾದಿ, ಗುಡ್ಡದ ಹಾದಿಗಳಲ್ಲಿ ಓಡಿಸುವ ದಪ್ಪ ಚಕ್ರಗಳ ಎಟಿವಿಯನ್ನು ಓದುಗರಲ್ಲಿ ಕೆಲವರು ರೆಸಾರ್ಟುಗಳಲ್ಲಿ ಕಂಡಿರಬಹುದು. 1970ರಲ್ಲಿ ಹೋಂಡಾ ಕಂಪನಿ ಅಮೆರಿಕದಲ್ಲಿ ಮಾರಿದ ಮೂರು ಚಕ್ರದ ಬಂಡಿಯ ಎಂಜಿನ್ನು ಕೇವಲ 89 ಸಿ.ಸಿ. ಇಂದು ನಾಲ್ಕು ಚಕ್ರದವು ಸುಮಾರು 1,000 ಸಿ.ಸಿ.ವರೆಗೂ ಬೆಳೆದಿವೆ. ಅಷ್ಟು ಸಾಲದೆಂದು ಸಿಲಿಂಡರು ಕೊರೆಸುವವರೂ ಇದ್ದಾರೆ. ಏರಿನಲ್ಲಿ, ಮರಳಿನಲ್ಲಿ ಆ ಬಲದ ಸುಖವೇ ಸುಖ. ಆದರೆ ಕಾಡುಹಾದಿಯಲ್ಲಿ ಹತ್ತು ಮೈಲಿ ಒಳಗೆ ಹೋದ ಮೇಲೆ ಎಂಜಿನ್ನು ಹಿಡಿದುಕೊಂಡರೆ ಎಷ್ಟು ಸಿ.ಸಿ. ಎಂಬುದರಿಂದ ಏನು ಬಂತು? ಅಲ್ಲಿ ನಿಂತುಹೋಗುವವನು ಅವನೊಬ್ಬನೇ ಅಲ್ಲ. ಜೊತೆಗೆ ಬಂದವರೆಲ್ಲ ನಿಲ್ಲಬೇಕು, ಅವನ ಬಂಡಿಗೆ ಹಗ್ಗ ಕಟ್ಟಿ ಎಳೆಯಬೇಕು, ಕತ್ತಲಾಗುವ ಮೊದಲು ಹಿಂದಿರುಗುವ ಚಿಂತೆಯನ್ನು ಹಂಚಿಕೊಳ್ಳಬೇಕು. ಬಲದ ಸುಖ ಒಬ್ಬನದು, ಅದು ಕೈಕೊಟ್ಟಾಗಿನ ಕಷ್ಟ ಎಲ್ಲರದು.

ಇಲ್ಲಿಗೆ ಬಂದಾಗ ಪ್ರಶ್ನೆ ಯಂತ್ರಶಾಸ್ತ್ರವನ್ನು ಬಿಟ್ಟು ನೀತಿಶಾಸ್ತ್ರಕ್ಕೆ ಸೇರುತ್ತದೆಂದು ನನ್ನ ಭಾವನೆ. ಬಲವೆಂಬುದು ನನ್ನ ಸೊತ್ತು. ಅದನ್ನು ತೋರಿಸಬಹುದು, ಅದರಿಂದ ಹಿಗ್ಗಬಹುದು. ನೆಚ್ಚಿಕೆ ನಾನು ಇತರರಿಗೆ ಕೊಟ್ಟ ಮಾತು. ಕುರುಗೋಡಿನ ಆ ಟ್ರ್ಯಾಕ್ಟರು ಉಳುವುದು ಒಡೆಯರ ಹೊಲವನ್ನಷ್ಟೇ ಅಲ್ಲ. ಟ್ರ್ಯಾಕ್ಟರಿಲ್ಲದ ಹತ್ತಾರು ಮಂದಿ ಬಾಡಿಗೆ ಕೊಟ್ಟು ಅದನ್ನೇ ಕಾಯುತ್ತಾರೆ. ಕಾಲುವೆಗೆ ನೀರು ಬಂದ ಮೇಲೆ ಹದ ಯಾರಿಗೂ ಕಾಯುವುದಿಲ್ಲ. ಸಸಿ ಬಲಿಯುತ್ತದೆ, ನಾಟಿಯ ಆಳುಗಳು ಬೇರೆ ಊರಿಗೆ ಹೋಗುತ್ತಾರೆ. ಆ ವಾರದಲ್ಲಿ ಗೇರುಪೆಟ್ಟಿಗೆ ಒಡೆದರೆ, ದಿನಕ್ಕೆ ಎರಡು ಎಕರೆಯ ಲಾಭದ ಲೆಕ್ಕ ಹಾಕಿದವನ ಪುಸ್ತಕದಲ್ಲಿ ಆ ಬಡವರ ನಷ್ಟಕ್ಕೆ ಕಲಮೇ ಇರುವುದಿಲ್ಲ. ನೆಚ್ಚಿದ ಎಮ್ಮೆ ಕೋಣ ಈಯಿತು ಎಂಬ ಗಾದೆಯಲ್ಲಿರುವ ಸಂಕಟ ಎಮ್ಮೆಯದಲ್ಲ, ನೆಚ್ಚಿದವನದು.

ಆ ಸೀಮೆಗೆ ಇದರ ಪಾಠ ದೊಡ್ಡ ಪ್ರಮಾಣದಲ್ಲಿಯೇ ಆಗಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ತುಂಬಿ ನಿಂತಿದ್ದ ಜಲಾಶಯದ ನೀರನ್ನು ಉಳಿದ ಗೇಟುಗಳಿಂದಲೂ ಹೊಳೆಗೆ ಬಿಡಬೇಕಾಯಿತು. ಸುಮಾರು ಒಂದು ವಾರದಲ್ಲಿ, ಹರಿಯುವ ನೀರಿನಲ್ಲಿಯೇ, ತಾತ್ಕಾಲಿಕ ತಡೆಯನ್ನು ಇಳಿಸಿದರು. ಜಲಾಶಯದಲ್ಲಿ ಎಷ್ಟು ಟಿಎಂಸಿ ನೀರಿದೆಯೆಂಬುದನ್ನು ದಿನವೂ ಪತ್ರಿಕೆಯಲ್ಲಿ ಓದುತ್ತಿದ್ದ ನಮ್ಮಲ್ಲಿ ಎಷ್ಟು ಮಂದಿ ಆ ಸರಪಳಿಯನ್ನು ನೆನೆದಿದ್ದೆವು? ಬಲಕ್ಕೆ ಸುದ್ದಿಯಾಗುವ ಭಾಗ್ಯವಿದೆ. ನೆಚ್ಚಿಕೆ ಸುದ್ದಿಯಾಗುವುದು ಅದು ಇಲ್ಲವಾದ ದಿನ.

ಹಾಗಾದರೆ ತೂಗುವುದು ಹೇಗೆ? ನನಗೆ ತೋರುವ ಸೂತ್ರ ಇಷ್ಟು: ಮುರಿದರೆ ಪೆಟ್ಟು ಯಾರ ಬೆನ್ನಿಗೆ ಬೀಳುತ್ತದೆ ಎಂದು ಮೊದಲು ಕೇಳಿಕೊಳ್ಳಬೇಕು. ನನ್ನ ಬೆನ್ನಿಗೆ ಮಾತ್ರವಾದರೆ ಬಲವನ್ನು ಹಿಂಡಿ ನೋಡುವ ಸ್ವಾತಂತ್ರ್ಯ ನನಗುಂಟು. ಲೋಕ ಮುಂದುವರಿದಿರುವುದು ಅಂಥವರಿಂದಲೂ ಹೌದು. ಇತರರ ಬೆನ್ನಿಗಾದರೆ ಮೀಸಲು ನನ್ನದಲ್ಲ, ಅವರದು. ಅದನ್ನು ಖರ್ಚು ಮಾಡುವ ಮೊದಲು ಅವರ ಒಪ್ಪಿಗೆ ಬೇಕು. ಬಲ ಬೇಕೇ ಬೇಕೆಂದಾದರೆ ಎಂಜಿನ್ನಿನ ಜೊತೆಗೆ ಅದರ ಹಿಂದಿರುವುದೆಲ್ಲ ಬೆಳೆಯಬೇಕು. ಟ್ರೆವಿತಿಕ್ಕನ ಎರಡನೆಯ ಕವಾಟದಂತೆ, ಹೆಚ್ಚಿಸಿದ ಪ್ರತಿಯೊಂದು ಬಲದ ಪಕ್ಕದಲ್ಲಿ ಹೆಚ್ಚಿಸಿದ ಒಂದು ಎಚ್ಚರವಿರಬೇಕು.

ಪಟ್ಟಣದಲ್ಲಿರುವ ನಮಗೆ ಟ್ರ್ಯಾಕ್ಟರಿಲ್ಲದಿರಬಹುದು. ಆದರೆ ದುಡಿಮೆಯ ಗಂಟೆಗಳನ್ನೂ ಸಾಲದ ಕಂತುಗಳನ್ನೂ ಪಂಪು ಏರಿಸಿದಂತೆ ಏರಿಸುತ್ತ ಹೋಗುವವರು ನಮ್ಮಲ್ಲಿ ಕಡಿಮೆಯೇ? ನಿದ್ರೆ, ಬಿಡುವು, ಕೈಯಲ್ಲಿ ಉಳಿದ ನಾಲ್ಕು ಕಾಸು ಇವು ವ್ಯರ್ಥವೆಂದು ನಮಗೆ ತೋರುತ್ತವೆ. ಆದರೆ ಮನೆಯವರು ನಮ್ಮನ್ನು ನೆಚ್ಚಿಕೊಂಡಿರುವುದು ಆ ಮೀಸಲಿನ ಮೇಲೆ. ತನ್ನೆಲ್ಲ ಬಲವನ್ನೂ ಇಂದೇ ಬಳಸಿ ಮುಗಿಸದವನಿಗೆ ಮಾತ್ರ ‘ನಾಳೆ ಬರುತ್ತೇನೆ’ ಎಂದು ಇನ್ನೊಬ್ಬರಿಗೆ ಧೈರ್ಯವಾಗಿ ಹೇಳುವುದು ಸಾಧ್ಯ.